ಕೀ ಎಲ್ಲಿ ಸ್ವಾಮಿ?

"ಪ್ರಪಂಚದಲ್ಲಿ 800 ಕೋಟಿ ಜನ ಇದ್ದಾರೆ. ನನ್ನ ವಾಚ್ ನೋಡಿದವರು ಹನ್ನೊಂದು ಜನ!" ಎಂದು ಸೀನ ಬೈಟು ಕಾಫಿಯ ಲೋಟವನ್ನು ಟಣ್ಣನೆ ಕುಕ್ಕಿದ.

"ಹನ್ನೊಂದರಲ್ಲಿ ನೀನೆಷ್ಟು?" ಎಂದ ಗೋಪಿ.

ಸೀನ ಬೆರಳು ಮಡಚಿದ. "ಆಫೀಸ್ ಕಂಪ್ಯೂಟರಿನಲ್ಲಿ ಲಾಗಿನ್ ಆಗದೆ ನಾಲ್ಕು ಸಲ ನೋಡಿದೆ. ಹೆಂಡತಿ ಫೋನಿನಲ್ಲಿ ಮೂರು ಸಲ. ಬಾಮೈದ ಎರಡು."

"ಅಲ್ಲಿಗೆ ಉಳಿದದ್ದು ಎರಡು. ಅದರಲ್ಲೊಂದು ನಂದು," ಎಂದಳು ಪದ್ದಿ.

ಸೀನನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಜಾಲಹಳ್ಳಿ ಕಡೆ ಒಂದು ವಾಚ್ ರಿಪೇರಿ ಅಂಗಡಿ ಬಾಗಿಲು ಹಾಕಿತು. ಅಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ಎಚ್‌ಎಂಟಿ ವಾಚುಗಳು ಇವನಿಗೆ ಅಗ್ಗಕ್ಕೆ ಸಿಕ್ಕವು. ಫಾರಿನ್ನಿನವರು ಇವನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಹೇಳಿದ್ದು ಸುಳ್ಳೇನಲ್ಲ. ಆದರೆ ಹುಡುಕಿಕೊಂಡು ಬರುವುದು ಎಂದರೆ ಮನೆ ಬಾಗಿಲಿಗೇ ಬರುತ್ತಾರೆ ಎಂದು ಸೀನ ತಿಳಿದಿದ್ದ. ಡಬ್ಬಿಯಿಂದ ಪೈಲಟ್ ಎಂಬ ಮಾದರಿಯ ಒಂದು ವಾಚ್ ತೆಗೆದು ಇಬೇ ಎಂಬ ಇಂಟರ್ನೆಟ್ ಸಂತೆಯಲ್ಲಿ ಏಳು ದಿನದ ಹರಾಜಿಗೆ ಇಟ್ಟ. ಏಳು ದಿನ ಕಳೆಯಿತು. ಒಬ್ಬನೂ ಸವಾಲು ಕೂಗಲಿಲ್ಲ.

ನಮ್ಮ ಗುಂಪಿನಲ್ಲಿ ಈ ವ್ಯಾಪಾರ ಗೊತ್ತಿರುವವನು ಗೋಪಿ ಒಬ್ಬನೇ. ಹಳೇ ಸ್ಟ್ಯಾಂಪುಗಳನ್ನು ಸುಮಾರು ವರ್ಷದಿಂದ ಹೊರಗೆ ಕಳಿಸುತ್ತಾನೆ. ವಾಚಿನ ಬಗ್ಗೆ ಗೊತ್ತಿರುವವರು ರಾಮಣ್ಣ ಮಾವ. ವಾಚ್ ಫ್ಯಾಕ್ಟರಿಯಲ್ಲೇ ದುಡಿದು ರಿಟೈರ್ ಆದವರು. ನನಗೆ ಎರಡೂ ಗೊತ್ತಿಲ್ಲ. ಕಾಫಿ ಬಿಲ್ಲು ಕೊಡೋದು ಮಾತ್ರ ನನ್ನ ಕೆಲಸ.

"ಬೇಜಾರು ಮಾಡ್ಕೋಬೇಡ ಕಣೋ," ಎಂದ ಗೋಪಿ. "1995ರಲ್ಲಿ ಪಿಯೆರ್ ಒಮಿಡ್ಯಾರ್ ಅನ್ನೋನು ಈ ಇಬೇ ಶುರು ಮಾಡಿದಾಗ ಮೊದಲು ಮಾರಾಟ ಆದದ್ದೇನು ಗೊತ್ತಾ? ಕೆಟ್ಟುಹೋದ ಲೇಸರ್ ಪಾಯಿಂಟರ್. 14 ಡಾಲರ್ 83 ಸೆಂಟಿಗೆ. ಇದು ಕೆಟ್ಟಿದೆ, ಗೊತ್ತಲ್ವಾ ಅಂತ ಕೇಳಿದ್ರೆ, ಕೊಂಡವನು ನಾನು ಕೆಟ್ಟಿರೋದನ್ನೇ ಸಂಗ್ರಹಿಸೋದು ಅಂದನಂತೆ."

"ನಂದು ಓಡೋ ವಾಚು!" ಎಂದು ಸೀನ ಇನ್ನಷ್ಟು ಕುಗ್ಗಿದ.

"ಸರಿ, ಟೈಟಲ್ ಏನು ಕೊಟ್ಟಿದ್ದೆ? ಓದು."

ಸೀನ ಫೋನ್ ತೆಗೆದು ಭಕ್ತಿಯಿಂದ ಓದಿದ. "ಲುಕ್ ಲುಕ್! ಓಲ್ಡ್ ಈಸ್ ಗೋಲ್ಡ್, ಸೂಪರ್ ಕಂಡೀಷನ್ ಕೀ ವಾಚ್, ಡೋಂಟ್ ಮಿಸ್."

"ಎಚ್‌ಎಂಟಿ ಅಂತ ಎಲ್ಲಿದೆ?"

"ಫೋಟೋದಲ್ಲಿ ಕಾಣುತ್ತಲ್ಲ!"

ಗೋಪಿ ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತು ಹಾಗೇ ಇದ್ದ. "ನೋಡೋ, ಟೈಟಲ್‌ಗೆ ಅವರು ಕೊಡೋದು 80 ಅಕ್ಷರ. ಅದು ನಿನ್ನ ಸೈಟು ಅಂತ ತಿಳ್ಕೋ. ಜಾಗ ಇರೋದೇ ಅಷ್ಟು. ಅದರಲ್ಲಿ ಮನೆ ಕಟ್ಟು ಅಂದ್ರೆ ನೀನು ಪೂರ್ತಿ ರಂಗೋಲಿ ಹಾಕಿದೀಯ. ಮ್ಯಾಂಚೆಸ್ಟರಿನಲ್ಲಿ ಕೂತಿರೋನು 'ಲುಕ್ ಲುಕ್' ಅಂತ ಟೈಪ್ ಮಾಡಿ ಹುಡುಕ್ತಾನಾ? ಎಚ್‌ಎಂಟಿ, ಪೈಲಟ್, ಮೆಕ್ಯಾನಿಕಲ್, ಹ್ಯಾಂಡ್ ವೈಂಡಿಂಗ್, 17 ಜ್ಯುವೆಲ್ಸ್, ಇಂಡಿಯಾ ಅಂತ ಹುಡುಕ್ತಾನೆ. ಇದರಲ್ಲಿ ಒಂದಾದ್ರೂ ನಿನ್ನ ಟೈಟಲ್‌ನಲ್ಲಿ ಇದೆಯಾ?"

"ಕೀ ವಾಚ್ ಅಂತ ಇದೆಯಲ್ಲ," ಎಂದ ಸೀನ. "ಹಾಂ, ಆ ಹನ್ನೊಂದನೆಯವನು ಬಂದದ್ದೇ ಅದಕ್ಕೆ. ಇಂಗ್ಲೆಂಡಿನವನು. ಮೆಸೇಜ್ ಕೂಡ ಮಾಡಿದ್ದ."

ಇಷ್ಟು ಹೊತ್ತು ಈ ವಿಷಯ ಮುಚ್ಚಿಟ್ಟಿದ್ದನಲ್ಲ ಎಂದು ನಾವೆಲ್ಲ ಫೋನಿನ ಮೇಲೆ ಬಗ್ಗಿದೆವು. ಇಂಗ್ಲೆಂಡಿನವನ ಪ್ರಶ್ನೆ ಬಹಳ ಮರ್ಯಾದೆಯದು. ವಾಚಿನ ಜೊತೆಗೆ ಕೀ ಕೂಡ ಬರುತ್ತದೆಯೇ? ಸೀನ ಉತ್ತರ ಕೊಟ್ಟಿದ್ದ: ಕೀ ವಾಚಿನಲ್ಲೇ ಇದೆ ಸರ್. ಅವನು: ದಯವಿಟ್ಟು ಕೀಯ ಫೋಟೋ ಕಳಿಸಿ. ಸೀನ ವಾಚಿನ ಪಕ್ಕದ ತಿರುಪಿಗೆ ಬಾಣದ ಗುರುತು ಹಾಕಿ ಫೋಟೋ ಕಳಿಸಿದ್ದ. ಆಮೇಲೆ ಅವನ ಸದ್ದಿಲ್ಲ.

ರಾಮಣ್ಣ ಮಾವ ನಗು ತಡೆಯಲಾರದೆ ಕಾಫಿ ನೆತ್ತಿಗೇರಿಸಿಕೊಂಡರು. ಬೆನ್ನು ತಟ್ಟಿ ಸುಧಾರಿಸಬೇಕಾಯಿತು.

"ಅಯ್ಯೋ ಮಂಕೇ, ವಾಚಿಗೆ ಕೀ ಕೊಡೋದು ಅನ್ನೋದು ನಮ್ಮ ಮಾತು. ಹಿಂದೆ ಜೇಬಿನ ಗಡಿಯಾರಗಳಿದ್ದವಲ್ಲ, ಅವಕ್ಕೆ ನಿಜವಾಗಿ ಒಂದು ಪುಟ್ಟ ಬೀಗದ ಕೈ ಥರದ್ದು ಇರ್ತಿತ್ತು. ಹಿಂದಿನ ತೂತಿಗೆ ಹಾಕಿ ತಿರುಗಿಸಬೇಕು. ಅಲ್ಲಿ ಕೀ ವಾಚ್ ಅಂದ್ರೆ ಅದು. ಆತ ಆ ಜಾತಿ ಗಡಿಯಾರ ಹುಡುಕೋನು. ನೀನು ಅವನಿಗೆ ತಿರುಪು ತೋರಿಸಿದೀಯ."

"ಜರ್ಮನಿಯವರ ಪಾಡು ಇನ್ನೂ ಚೆಂದ," ಎಂದ ಗೋಪಿ. "ಟೈಟಲನ್ನ ಇಬೇಯೇ ಅವರ ಭಾಷೆಗೆ ತರ್ಜುಮೆ ಮಾಡಿ ತೋರಿಸುತ್ತೆ. ಅಲ್ಲಿ ನೀನು ಬೀಗದ ಅಂಗಡಿಯವನಾಗಿರ್ತೀಯ."

"ಜರ್ಮನಿಯವರಿಗೆ ಕಾಣೋದೇ ಇಲ್ಲ ಬಿಡು. ನಾನು ಅಮೆರಿಕ, ಇಂಗ್ಲೆಂಡ್ ಎರಡಕ್ಕೇ ಟಿಕ್ ಮಾಡಿದ್ದು," ಎಂದ ಸೀನ, ಏನೋ ಜಾಣತನ ಮಾಡಿದವನ ಹಾಗೆ.

ಗೋಪಿ ವಡೆಯನ್ನು ತಟ್ಟೆಗೆ ವಾಪಸ್ ಇಟ್ಟ. ಅವನು ವಡೆ ವಾಪಸ್ ಇಡುವುದು ನಾನು ನೋಡಿದ್ದು ಅದೇ ಮೊದಲು.

"ಯಾಕಪ್ಪಾ?"

"ಜರ್ಮನಿಯವರ ಹತ್ರ ಮಾತಾಡಕ್ಕೆ ಬರಲ್ಲ. ಜಪಾನಿನವರು ತುಂಬ ನಾಜೂಕು, ತಕರಾರು ತೆಗೀತಾರೆ."

"ಆಸ್ಟ್ರೇಲಿಯಾ? ಅವರು ಇಂಗ್ಲಿಷೇ ಮಾತಾಡೋದು."

ಸೀನ ಹಲ್ಲು ಕಚ್ಚಿದ. "2023 ನವೆಂಬರ್ 19. ಅಹಮದಾಬಾದ್. ಮರೆತುಬಿಟ್ಯಾ?"

ನಾವು ಯಾರೂ ಮರೆತಿರಲಿಲ್ಲ. ಒಂದು ನಿಮಿಷ ಮೌನವಾಗಿಯೇ ಇದ್ದೆವು. ಆದರೂ ವ್ಯಾಪಾರ ವ್ಯಾಪಾರವೇ ಅಲ್ವಾ. ಗೋಪಿ ತಾಳ್ಮೆಯಿಂದ ಬಿಡಿಸಿ ಹೇಳಿದ. ಯಾವ ದೇಶಕ್ಕೆ ಕಳಿಸಲ್ಲ ಅಂತ ಗುರುತು ಹಾಕುತ್ತೀಯೋ ಆ ದೇಶದವನು ಎಷ್ಟು ಹುಡುಕಿದರೂ ಸಾಮಾನ್ಯವಾಗಿ ನಿನ್ನ ವಾಚು ಎದುರಿಗೆ ಬರುವುದಿಲ್ಲ. ಕೊಳ್ಳಲಾಗದ ಸಾಮಾನನ್ನು ಅವನಿಗೆ ಯಾಕೆ ತೋರಿಸುತ್ತಾರೆ? ಸೀನ ಟೈಟಲ್ ಎಷ್ಟೇ ತಿದ್ದಿದರೂ ಈ ಬೀಗ ತೆಗೆಯದೆ ಏನೂ ಪ್ರಯೋಜನವಿಲ್ಲ. ಇನ್ನು ಅಮೆರಿಕ ಒಂದನ್ನೇ ನಂಬಿದವರ ಕಥೆಯೂ ಗೋಪಿಗೆ ಗೊತ್ತು. ಅವನೇ ಅದರಲ್ಲೊಬ್ಬ. 800 ಡಾಲರ್ ಒಳಗಿನ ಸಾಮಾನಿಗೆ ಇದ್ದ ಸುಂಕದ ರಿಯಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ಕ್ಕೆ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಅಕ್ಟೋಬರ್ ಮಧ್ಯದವರೆಗೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳಲಿಲ್ಲ. ಅಷ್ಟು ದಿನವೂ ಗೋಪಿ ಸ್ಟ್ಯಾಂಪು ಎಣಿಸುತ್ತಾ ಮನೆಯಲ್ಲಿ ಕೂತಿದ್ದ.

"ಇಲ್ಲೇ ಇಂಡಿಯಾದವರಿಗೆ ಮಾರಿದ್ರಾಗಿತ್ತು," ಎಂದು ನಾನು ಬಾಯಿ ಹಾಕಿದೆ.

"ಇಬೇಯವರ ಇಲ್ಲಿನ ಪೇಟೆ 2018ರಲ್ಲೇ ಮುಚ್ಚಿತು. ಈಗ ಇಲ್ಲಿಂದ ಹೊರಗೆ ಮಾರೋದಷ್ಟೇ. ನೀನು ಬಿಲ್ಲು ನೋಡ್ಕೋ."

ನೋಡಿಕೊಂಡೆ. ನಾಲ್ಕು ಬೈಟು ಆಗಿತ್ತು.

"ಹರಾಜು ಯಾವಾಗ ಮುಗೀತು?" ಎಂದಳು ಪದ್ದಿ.

"ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ಅಮ್ಮ ಪಂಚಾಂಗ ನೋಡಿ ಹೇಳಿದ್ದು. ಶುರು ಮಾಡಿದ್ದೂ ಅದೇ ಹೊತ್ತಿಗೆ."

ಶುರುವಾದ ಹೊತ್ತಿಗೆ ಸರಿಯಾಗಿ ಏಳು ದಿನಕ್ಕೆ ಮುಗಿಯುತ್ತದೆ, ನಿಮಿಷ ಆಚೀಚೆ ಇಲ್ಲ. ಹರಾಜಿನ ಜೀವ ಇರುವುದು ಆ ಕೊನೇ ಗಳಿಗೆಯಲ್ಲಿ. ಬೇಗ ಮುಗಿಯುವವು ಮೊದಲು ಎಂದು ಸಾಲು ಮಾಡಿ ನೋಡುವವರು ಬಹಳ. ಆಗ ನಿನ್ನ ಸಾಮಾನು ತಾನಾಗಿ ಮೇಲೆ ಬರುತ್ತದೆ. ಗೋಪಿ ಪೇಪರ್ ನ್ಯಾಪ್‌ಕಿನ್ ಮೇಲೆ ಲೆಕ್ಕ ಬರೆದ. ನಮ್ಮ ಬುಧವಾರ ಬೆಳಿಗ್ಗೆ ಹತ್ತು ಎಂದರೆ ಈಗಿನ ಬೇಸಿಗೆ ಟೈಮಿನಲ್ಲಿ ನ್ಯೂಯಾರ್ಕಿಗೆ ನಡುರಾತ್ರಿ ಹನ್ನೆರಡೂವರೆ. ಲಂಡನ್ನಿಗೆ ಬೆಳಗಿನ ಜಾವ ಐದೂವರೆ. ಸಿಡ್ನಿಗೆ ಮಧ್ಯಾಹ್ನ ಎರಡೂವರೆ.

"ಅಂದ್ರೆ ಆ ಹೊತ್ತಿಗೆ ಪೂರ್ತಿ ಎಚ್ಚರವಾಗಿದ್ದೋರು ಆಸ್ಟ್ರೇಲಿಯಾದೋರು," ಎಂದರು ಮಾವ. "ಅವರಿಗೆ ನೀನು ಬಾಗಿಲು ಹಾಕಿದ್ದೆ."

ಸೀನ ಮಾತಾಡಲಿಲ್ಲ.

"ಅಮೆರಿಕದವರು ಊಟ ಮುಗಿಸಿ ಸುಮ್ನೆ ಫೋನ್ ಹಿಡಿದು ಕೂರೋ ಹೊತ್ತು ಭಾನುವಾರ ಸಂಜೆ," ಎಂದ ಗೋಪಿ. "ನ್ಯೂಯಾರ್ಕಿನಲ್ಲಿ ರಾತ್ರಿ ಒಂಬತ್ತು, ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಆರು. ನಮಗೆ ಸೋಮವಾರ ಬೆಳಿಗ್ಗೆ ಆರೂವರೆ."

"ಸೋಮವಾರ ಏಳೂವರೆಗೆ ರಾಹುಕಾಲ ಕಣೋ!"

"ಆರೂವರೆಗೆ ಮುಗಿಯುತ್ತಲ್ಲ."

ಅಲ್ಲೇ ಒಂದು ತೊಡಕಿತ್ತು. ಅಮೆರಿಕದವರು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ಅವರ ಭಾನುವಾರ ರಾತ್ರಿ ಒಂಬತ್ತು ನಮ್ಮ ಸೋಮವಾರದ ಏಳೂವರೆಗೆ, ಅಂದರೆ ರಾಹುಕಾಲದ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಸೀನನ ಅಮ್ಮ ಒಪ್ಪುತ್ತಾರಾ? ಇದರ ಮೇಲೆ ಕಾಲು ಗಂಟೆ ಚರ್ಚೆಯಾಯಿತು. ಕೊಳ್ಳುವವನ ಊರಿನ ರಾಹುಕಾಲ ನೋಡಬೇಕೋ, ಮಾರುವವನದೋ? ಕಡೆಗೆ ಮಾವ ತೀರ್ಪು ಕೊಟ್ಟರು. "ದುಡ್ಡು ಕೊಡೋನದು. ಅವನಿಗೆ ಅದು ಭಾನುವಾರ. ಅಲ್ಲಿ ಭಾನುವಾರದ ರಾಹುಕಾಲ ಸಂಜೆಗೇ ಮುಗಿದಿರುತ್ತೆ."

ನಡುವೆ ಪದ್ದಿಗೆ ತನ್ನ ಅಜ್ಜಿಯ ಪೆಟ್ಟಿಗೆ ನೆನಪಾಯಿತು. ಮೈಸೂರಿನ ಬೀಟೆ ಮರದ್ದು, ಮೇಲೆಲ್ಲ ಆನೆ ದಂತದ ಕುಸುರಿ, ನೂರು ವರ್ಷ ದಾಟಿದೆಯಂತೆ. ಅದನ್ನೂ ಹಾಕೋಣವಾ ಎಂದಳು. ಗೋಪಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ದಂತ ಮಾರೋದೇ ಅಪರಾಧ ಕಣೇ. ಜೊತೆಗೆ ನೂರು ವರ್ಷದ ಕುಸುರಿ ಸಾಮಾನು ಅಂದ್ರೆ 1972ರ ಪುರಾತನ ವಸ್ತುಗಳ ಕಾಯ್ದೆ. ದೇಶ ಬಿಟ್ಟು ಕಳಿಸೋ ಹಾಗಿಲ್ಲ. ಅದು ಮಾತ್ರ ಟೈಟಲ್ ಇಲ್ಲದಿದ್ರೂ ಎಲ್ಲರಿಗೂ ಕಾಣುತ್ತೆ. ಮೊದಲು ಪೊಲೀಸರಿಗೆ."

"ಸರಿ, ಆ ಪೈಲಟ್ ತೋರಿಸು," ಎಂದು ಮಾವ ಕೈ ಚಾಚಿದರು.

ಸೀನ ಕರವಸ್ತ್ರದಿಂದ ಬಿಚ್ಚಿ ಕೊಟ್ಟ. ಮಾವ ಕನ್ನಡಕ ಏರಿಸಿ ನೋಡಿದರು. ಮುಖ ಬಿಗಿಯಿತು.

"ಇದೇನಿದು ಬಣ್ಣ?"

"ಮಾಸಿತ್ತು ಮಾವ. ಮುನ್ನೂರು ರೂಪಾಯಿ ಕೊಟ್ಟು ಡಯಲ್‌ಗೆ ಪೇಂಟ್ ಹೊಡೆಸಿದೆ."

"ನಾನು ನೋಡಿದ ಪೈಲಟ್‌ಗೆ ಕಪ್ಪು ಡಯಲ್ ಕಣಯ್ಯಾ. ನೀನು ಬದನೆಕಾಯಿ ಬಣ್ಣ ಹೊಡೆಸಿದೀಯ. ಎಚ್‌ಎಂಟಿ ಅನ್ನೋ ಅಕ್ಷರ ನೋಡು, ಎಂ ಒಂದು ಕಡೆ, ಟಿ ಒಂದು ಕಡೆ." ಮಾವನಿಗೆ ನಿಜವಾಗಿ ನೋವಾಗಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾದ ಕಾರ್ಖಾನೆ ಅದು. ಮದುವೆಗೆ ಆ ವಾಚ್ ಬೇಕೆಂದು ಜನ ಮೊದಲೇ ಹೇಳಿಟ್ಟು ಕಾಯುತ್ತಿದ್ದ ಕಾಲವನ್ನು ಅವರು ಕಂಡಿದ್ದಾರೆ. 2016ರಲ್ಲಿ ಮುಚ್ಚಿದ್ದನ್ನೂ ಕಂಡಿದ್ದಾರೆ. "ಹೀಗೆ ಬಣ್ಣ ಬಳಿದ ವಾಚಿಗೆ ಹೊರಗಿನ ಸಂಗ್ರಹಗಾರರು ಮುಂಬೈ ಸ್ಪೆಷಲ್ ಅಂತಾರೆ. ಫೋಟೋ ದೊಡ್ಡದು ಮಾಡಿ ನೋಡ್ತಾರೆ, ನಕ್ಕು ಮುಂದೆ ಹೋಗ್ತಾರೆ. ಡಬ್ಬಿಯಲ್ಲಿ ಇನ್ನೇನಿದೆ?"

ಬೆರಳಾಡಿಸಿ ಮಾವ ತೆಗೆದದ್ದು ಎಚ್‌ಎಂಟಿಯದೇ ಜನತಾ ಎಂಬ ಮಾದರಿಯ ಒಂದು ವಾಚ್. ಡಯಲ್ ಹಳದಿಗಟ್ಟಿತ್ತು. ಅಂಕಿಗಳು ದೇವನಾಗರಿಯಲ್ಲಿ. ಎರಡು ಸುತ್ತು ಕೀ ಕೊಟ್ಟು ಕಿವಿಗೆ ಹಿಡಿದರು. ಕಣ್ಣು ಅರಳಿತು. "ಇದನ್ನ ಹಾಕು. ಒರೆಸಬೇಡ, ಉಜ್ಜಬೇಡ. ಹಿಂದಿನ ಮುಚ್ಚಳ ನಾನು ಬಿಚ್ಚಿಕೊಡ್ತೀನಿ, ಒಳಗಿನ ಮಷೀನ್ ಫೋಟೋ ಹಾಕು."

"ಅದು ಹಳದಿಯಾಗಿದೆ ಅಂತ ಮಗನಿಗೆ ಆಟಕ್ಕೆ ಕೊಟ್ಟಿದ್ದೆ ಮಾವ. ಡಬ್ಬಿಗೆ ಅವನೇ ವಾಪಸ್ ಹಾಕಿದ್ದಾನೆ, ಚೆನ್ನಾಗಿಲ್ಲ ಅಂತ."

ಮರು ಸೋಮವಾರ ಆರೂವರೆಗೆ ಜನತಾ ಹರಾಜಿಗೆ ಏರಿತು. ಟೈಟಲ್‌ನಲ್ಲಿ ರಂಗೋಲಿ ಇಲ್ಲ. ಹೂವಿನ ಬೆಡ್‌ಶೀಟಿನ ಮೇಲೆ ತೆಗೆದ ಫೋಟೋ ಹೋಗಿ ಬಿಳಿ ಹಾಳೆಯ ಮೇಲಿನದು ಬಂತು. ಕಂಪನಿ, ಮಾದರಿ, ಅಗಲ ಎಷ್ಟು ಮಿಲಿಮೀಟರ್ ಎಂದೆಲ್ಲ ಕೇಳುವ ಖಾನೆಗಳನ್ನು ಪದ್ದಿ ತುಂಬಿದಳು. ಅವನ್ನು ಖಾಲಿ ಬಿಟ್ಟರೆ ಆ ಜರಡಿ ಹಾಕಿ ಹುಡುಕುವವನ ಕಣ್ಣಿಗೆ ನೀನಿಲ್ಲ. ರಫ್ತಿಗೆ ಬೇಕಾದ ಐಇಸಿ ನಂಬರು ಸೀನ ಮೊದಲೇ ಮಾಡಿಸಿದ್ದ, ಅದೊಂದು ಪುಣ್ಯ. ದೇಶಗಳಿಗೆಲ್ಲ ಟಿಕ್ ಬಿತ್ತು. ಒಂದು ದೇಶಕ್ಕೆ ಮಾತ್ರ ಗೋಪಿಯೇ ಫೋನ್ ಕಿತ್ತುಕೊಂಡು ಟಿಕ್ ಮಾಡಿದ.

ಮೂರನೇ ದಿನ ಇಂಗ್ಲೆಂಡಿನಿಂದ ಮೆಸೇಜ್. ಅದೇ ಮನುಷ್ಯ. ಇದಕ್ಕೂ ಕೀ ಇಲ್ಲವೇ?

ಕೊನೆಯ ಸೋಮವಾರ ಆರು ಗಂಟೆಗೇ ಸೀನನ ಮನೆಯಲ್ಲಿ ಸೇರಿದೆವು. ನೋಡಿದವರು ಇನ್ನೂರು ದಾಟಿದ್ದರು. ಕಣ್ಣಿಟ್ಟವರು ಹತ್ತೊಂಬತ್ತು. ಬೆಲೆ ಮಾತ್ರ ಎರಡು ದಿನದಿಂದ 16 ಡಾಲರಿಗೆ ಕೂತಿತ್ತು. "ಇಷ್ಟೇನಾ?" ಎಂದ ಸೀನ. "ತಾಳು," ಎಂದ ಗೋಪಿ. ಒಂದು ನಿಮಿಷ ಉಳಿದಾಗಲೂ 16. ಹದಿನೈದು ಸೆಕೆಂಡಿಗೂ 16. ಆಮೇಲೆ 23, 31, 44. ಫೋನು ಒಮ್ಮೆ ಕಣ್ಣು ಮಿಟುಕಿಸಿದ ಹಾಗಾಗಿ 52ಕ್ಕೆ ನಿಂತಿತು. ಸೀನನ ಅಮ್ಮ ಗಡಿಯಾರ ನೋಡಿದರು. ರಾಹುಕಾಲಕ್ಕೆ ಇನ್ನೂ ಒಂದು ಗಂಟೆ ಇತ್ತು.

"ಯಾವ ಊರಿನವನು?" ಎಂದರು ಮಾವ.

ಸೀನ ಓದಿದ. ಮತ್ತೊಮ್ಮೆ ಓದಿದ. "ಅಡಿಲೇಡ್."

ಯಾರೂ ನಗಲಿಲ್ಲ. ನಕ್ಕರೆ ವಾಚ್ ಕಳಿಸುತ್ತಾನೋ ಇಲ್ಲವೋ ಎಂಬ ಭಯ.

ಕಳಿಸಿದ. ನಾನೂ ಜೊತೆಗೆ ಅಂಚೆ ಕಚೇರಿಗೆ ಹೋಗಿದ್ದೆ. ಕೌಂಟರಿನವರು ಒಳಗೇನಿದೆ ಎಂದು ಕೇಳಿದರು. ಕೀ ಕೊಡೋ ವಾಚ್, ಸೆಲ್ ಇಲ್ಲ ಎಂದದ್ದಕ್ಕೆ ಒಳ್ಳೇದಾಯ್ತು, ಸೆಲ್ ಇದ್ದಿದ್ರೆ ತಕರಾರು ಎಂದರು. ತೂಕ ಹಾಕಿದರು, ಕಸ್ಟಮ್ಸ್ ಚೀಟಿ ಅಂಟಿಸಿದರು. ಆಮೇಲೆ ವಿಳಾಸದ ಮೇಲೆ ಅವರ ಕಣ್ಣು ಬಿತ್ತು.

"ಅಡಿಲೇಡ್," ಎಂದರು ನಿಧಾನವಾಗಿ. "ಟ್ರಾವಿಸ್ ಹೆಡ್ ಊರಲ್ವಾ?"

"ಹೂಂ ಸಾರ್," ಎಂದ ಸೀನ. "137 ಹೊಡೆದ."

ಅವರು ಏನೂ ಹೇಳದೆ ಸೀಲು ಕೈಗೆತ್ತಿಕೊಂಡು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಗುದ್ದಿದರು.