ಸಹಾಯ ಬೇಕು: ಮ್ಯಾಕ್‌ಗೈವರ್ ಕೈಯಾಗಿನ ಚಾಕು ಗುರುತಿಸಲಿಕ್ಕೆ

ನಮಸ್ಕಾರ್ರಿ. ಮ್ಯಾಕ್‌ಗೈವರ್ ಅನ್ನೋ ಅಮೆರಿಕದ ಟಿವಿ ಧಾರಾವಾಹಿಯೊಳಗ (1985–92) ನಾಯಕನ ಸ್ವಿಸ್ ಆರ್ಮಿ ಚಾಕು (ಹಲವು ಉಪಕರಣ ಇರೋ ಮಡಚೋ ಚಾಕು) ಕಾಣೋ ಫ್ರೇಮ್ ಒಂದೊಂದಾಗಿ ತಗದು ಮಾದರಿ ಗುರುತಿಸೋದು ನಡದೈತಿ. ಎಲ್ಲಾ ಕಂತಿನ್ಯಾಗೂ ಒಂದ ಚಾಕು ಇಲ್ಲ, ತೊಡಕು ಅಲ್ಲೇ ಐತಿ.

ಕಂಪನಿ ಹಿಡಿಯೂದು ಸುಲಭ. ಈ ಚಾಕು ಮಾಡತಿದ್ದ ಕಂಪನಿ ಎರಡು: ಹಿಡಿಕೆ ಮ್ಯಾಲಿನ ಲಾಂಛನದಾಗ ಶಿಲುಬೆ ಗುರಾಣಿಯೊಳಗ ಇದ್ರ ವಿಕ್ಟೋರಿನಾಕ್ಸ್, ಮೂಲೆ ದುಂಡಾದ ಚೌಕದೊಳಗ ಇದ್ರ ವೆಂಗರ್. ಹಳೇ ವಿಡಿಯೋದಾಗ ಲಾಂಛನ ಮಸುಕಾದ್ರ ಕತ್ತರಿ ನೋಡ್ರಿ: ವಿಕ್ಟೋರಿನಾಕ್ಸ್‌ದಾಗ ಕತ್ತರಿಯ ಹಿಡಿಕೆಗಳ ನಡುವ ಸಣ್ಣ ಸ್ಪ್ರಿಂಗ್ ಪಟ್ಟಿ ಹೊರಗ ಕಾಣತೈತಿ. ಇನ್ನ ವಿಕ್ಟೋರಿನಾಕ್ಸ್‌ದ ಸ್ಪಾರ್ಟನ್, ಟಿಂಕರ್ ಮಾದರಿ ಎರಡೂ ಮುಂದಿನಿಂದ ಒಂದ ಥರ. ಬೆನ್ನಿಗೆ ಬಿರಡೆ ತೆಗೆಯೋ ಸುರುಳಿ ಇದ್ರ ಸ್ಪಾರ್ಟನ್, ಫಿಲಿಪ್ಸ್ (ಪ್ಲಸ್ ತುದಿಯ) ಸ್ಕ್ರೂಡ್ರೈವರ್ ಇದ್ರ ಟಿಂಕರ್. ಬೆನ್ನು ಕಾಣದ ಫ್ರೇಮ್ ಮ್ಯಾಲೆ ಹೆಸರು ಹೇಳೋದು ಬ್ಯಾಡ.

ಈಗ ಕೆಲಸ ನಿಂತಿರೋದು ಚಾಕುವಿನ ಉದ್ದ ಹೇಳೋದ್ರಾಗ. 84, 85, 91 ಮಿ.ಮೀ. ಹಿಡಿಕೆ ಕೈಯಾಗ ಹೆಚ್ಚುಕಡಿಮೆ ಒಂದ ಕಾಣತಾವು, ಚಾಕು ಸ್ವಲ್ಪ ಓರೆ ಆದ್ರೂ ಗಿಡ್ಡ ಕಾಣತೈತಿ. ಅದಕ್ಕ ಹೋಲಿಸಲಿಕ್ಕೆ ನಿಜವಾದ ಚಾಕುವಿನ ಫೋಟೋ ಬೇಕು.

ಬೆಳಗಾವಿಯೊಳಗ ಯಾರ ಹತ್ತಿರಾದ್ರೂ 84 ಮಿ.ಮೀ. ಹಳೇ ವಿಕ್ಟೋರಿನಾಕ್ಸ್ ಇಲ್ಲಾ 85 ಮಿ.ಮೀ. ವೆಂಗರ್ ಇದ್ರ ದಯವಿಟ್ಟು ತಿಳಸ್ರಿ. ಮುಚ್ಚಿದ್ದು, ಬೆನ್ನಿನ ಕಡೆ, ಎಲ್ಲಾ ಅಲಗು ಬಿಚ್ಚಿದ್ದು, ಹಿಂಗ ಮೂರು ಫೋಟೋ ಸಾಕು. ಸ್ಟೀಲ್ ಸ್ಕೇಲ್ ಚಾಕುವಿನ ಮಟ್ಟಕ್ಕ ಇಡ್ರಿ, ಕೆಳಗಿಟ್ರ ಅಳತಿ ತಪ್ಪತೈತಿ. ಮೊಬೈಲ್ ಹತ್ತಿರ ಹಿಡೀಬ್ಯಾಡ್ರಿ, ಒಂದು ಮೀಟರ್ ದೂರದಿಂದ ಝೂಮ್ ಮಾಡ್ರಿ. ಫ್ಲಾಶ್ ಹಾಕಿದ್ರ ಕೆಂಪು ಹಿಡಿಕೆ ಹೊಳದು ಲಾಂಛನ ಅಳಿಸಿಹೋಗತೈತಿ. ಉದ್ಯಮಬಾಗದ ವರ್ಕ್‌ಶಾಪ್‌ನವರು ವರ್ನಿಯರ್ ಹಚ್ಚಿ ದಪ್ಪ ಸೈತ ಬರದು ಕಳಿಸಿದ್ರ ಭಾಳ ಉಪಕಾರ ಆಕ್ಕೈತಿ.