ಸಹಾಯ ಬೇಕು: ಹುಬ್ಬಳ್ಳಿಯಲ್ಲಿ ಒಂದು ಬಾಡಿಗೆ ಮನೆ, ಜೊತೆಗೆ ಒಂದು ಮಾಹಿತಿ

ಎಲ್ಲರಿಗೂ ನಮಸ್ಕಾರ. ನನಗೀಗ 24. ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ಬಾಲಮಂದಿರದಲ್ಲಿ ಬೆಳೆದೆ. ಈಗ ಹೊಲಿಗೆ ಕೆಲಸ, ಪಿಜಿ ವಾಸ. ಊಟಕ್ಕೇನೂ ಕೊರತೆಯಿಲ್ಲ. ಆದರೆ ಹಬ್ಬ ಬಂತೆಂದರೆ ಎಲ್ಲರೂ ಬ್ಯಾಗ್ ಹಿಡಿದು ಊರಿಗೆ ಹೊರಡ್ತಾರೆ, ನಾನೊಬ್ಬಳೇ ಉಳೀತೀನಿ. ಬಾಲಮಂದಿರದಿಂದ ತಂದ ಸ್ಟೀಲ್ ತಟ್ಟೆಯ ಹಿಂದೆ ಮೊಳೆಯಿಂದ ಗೀರಿದ 27 ಅನ್ನೋ ನಂಬರ್ ಇನ್ನೂ ಇದೆ. ಈಗಲೂ ಅದರಲ್ಲೇ ಉಣ್ತೀನಿ. ತವರಿಂದ ತಂದದ್ದು ಅಂತ ನನ್ನ ಹತ್ತಿರ ಇರೋದು ಅದೊಂದೇ.

ಒಂದು ರೂಮು, ಅಡುಗೆಮನೆ ಇದ್ದರೆ ಸಾಕು. ಹೋದಲ್ಲೆಲ್ಲ "ನಿಮ್ಮೂರು ಯಾವುದು? ಮನೆಯ ದೊಡ್ಡವರನ್ನ ಕರ್ಕೊಂಡು ಬನ್ನಿ" ಅಂತಾರೆ. ನಾನು ಯಾರನ್ನ ಕರ್ಕೊಂಡು ಹೋಗಲಿ? ಅದನ್ನು ಕೇಳದೆ ಮನೆ ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಡ್ವಾನ್ಸ್‌ಗೆ 30,000 ಕೂಡಿಟ್ಟಿದ್ದೀನಿ.

ಇನ್ನೊಂದು ವಿಷಯ. ಬಾಲಮಂದಿರದಲ್ಲಿ ನನ್ನ ಕೈಯಲ್ಲೇ ಜಡೆ ಹಾಕಿಸಿಕೊಳ್ಳುತ್ತಿದ್ದ ತಂಗಿಗೆ ಮುಂದಿನ ತಿಂಗಳು 18 ತುಂಬುತ್ತೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬಿ ಹೊರಬಂದವರಿಗೆ ಅನುಪಾಲನೆ ಅಂತ, ಅಂದರೆ ಸ್ವಂತ ಕಾಲ ಮೇಲೆ ನಿಲ್ಲೋಕೆ, ನೆರವಿದೆ, 21 ವರ್ಷದವರೆಗೂ ಸಿಗಬಹುದು. ನನಗೆ ಆಗ ಯಾರೂ ಹೇಳಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿ ಪಡೆದವರಿದ್ದರೆ, ಏನೇನು ಕಾಗದ ಬೇಕು ಹೇಳಿ. ಮನೆ ಸಿಕ್ಕರೆ ಅವಳೂ ನನ್ನ ಜೊತೆಗೇ ಬರ್ತಾಳೆ. ಯುಗಾದಿಗೆ ನಾವೇ ಹೋಳಿಗೆ ಮಾಡಬೇಕು ಅಂತ ಈಗಲೇ ಹಠ ಹಿಡಿದಿದ್ದಾಳೆ.