ಅಪ್‌ಡೇಟ್: ಹಾರ್ಡ್ ಡಿಸ್ಕ್ ಇಲ್ಲದೆಯೂ ಹಳೇ ಕಂಪ್ಯೂಟರ್ ಓಡುತ್ತಿದೆ

ಹಾರ್ಡ್ ಡಿಸ್ಕ್ ಹೋದ, 1 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರಿಗೆ ಏನಾದರೂ ದಾರಿ ಇದೆಯಾ ಅಂತ ಶಿರಸಿಯಿಂದ ಕೇಳಿದ್ದೆನಲ್ಲ, ಅದರ ಕಥೆ ಇದು. ಪಪ್ಪಿ ಲಿನಕ್ಸ್ (ವಿಂಡೋಸ್ ಬದಲು ಹಳೇ ಕಂಪ್ಯೂಟರಿನಲ್ಲೂ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಮ್) ಸಿಡಿ ಹಾಕಿ ನೋಡಿ ಎಂದವರಿಗೆಲ್ಲ ಥ್ಯಾಂಕ್ಸ್.

ಸಿಡಿ ಸ್ವಲ್ಪ ಹೊತ್ತು ಗರಗರ ತಿರುಗಿ ಎಲ್ಲವನ್ನೂ ರ‍್ಯಾಮ್‌ಗೆ ತುಂಬುತ್ತದೆ. ಆಮೇಲೆ ಸಿಡಿ ತೆಗೆದರೂ ನಡೆಯುತ್ತೆ. ಶಟ್‌ಡೌನ್ ಮಾಡುವಾಗ ಸೇವ್ ಫೈಲ್ (ನಾವು ಮಾಡಿದ ಬದಲಾವಣೆ ಉಳಿಸಿಡುವ ಫೈಲ್) ಎಲ್ಲಿಡಲಿ ಅಂತ ಕೇಳಿತು, ಪೆನ್‌ಡ್ರೈವ್ ತೋರಿಸಿದೆ. ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಲೋಹಿತ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಯಾಯಿತು.

ನಿಜವಾಗಿ ಕಾಟ ಕೊಟ್ಟಿದ್ದು ಮದರ್‌ಬೋರ್ಡಿನ ಬಟನ್ ಸೆಲ್. ಕರೆಂಟ್ ಇಲ್ಲದಾಗ ತಾರೀಖು, ಸೆಟ್ಟಿಂಗ್ ನೆನಪಿಡಬೇಕಾದ ಅದು ಸತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ? ಹೋದಾಗೆಲ್ಲ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿ ಹೋಗುತ್ತಿತ್ತು. ತಾರೀಖೂ ಹಿಂದಕ್ಕೆ ಹೋಗಿ ಬ್ರೌಸರ್ ಸೈಟ್‌ಗಳನ್ನೇ ತೆರೆಯುತ್ತಿರಲಿಲ್ಲ. ಸಿಆರ್2032 ಸೆಲ್ ಬದಲಿಸಿದೆ, ಮುಗೀತು. ಈಗ ಅಪ್ಪ ಅಡಿಕೆ ರೇಟು ಅದರಲ್ಲೇ ನೋಡುತ್ತಾರೆ. ವಿಡಿಯೋ ಮಾತ್ರ ಕೇಳಬೇಡಿ, ತಡವರಿಸುತ್ತೆ.